ಕಸಿ ಗಂಟಿನ ಕೆಳಗೆ

ಮೂಸಂಬಿ ಗಿಡ ಸಾಕುವುದಕ್ಕೆ ತಾಳ್ಮೆ ಬೇಕು ಎನ್ನುತ್ತಾರೆ. ಸುಳ್ಳು. ಕಟುಕತನ ಬೇಕು. ನನ್ನಲ್ಲಿ ಅದು ಅರ್ಧ ಇತ್ತು, ಅರ್ಧ ಇರಲಿಲ್ಲ. ಹಾಳಾಗಿದ್ದು ಅಲ್ಲೇ.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜಪೇಟೆಯಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ನಾಲ್ಕು ಮಾರು ಹಿತ್ತಲು. ಮನೆಯಲ್ಲಿ ಮೂರೇ ಜನ: ನನ್ನ ತಾಯಿ, ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ನನ್ನ ಹೆಂಡತಿ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ನಾನು. ಗಿಡ ತಂದವನೂ ನಾನೇ. ನರ್ಸರಿಯವನು ಬುಡದಿಂದ ಗೇಣೆತ್ತರದಲ್ಲಿದ್ದ ಕಸಿ ಗಂಟನ್ನು ತೋರಿಸಿ ಹೇಳಿದ್ದ: "ಇದರ ಕೆಳಗಡೆ ಏನೇ ಚಿಗುರಿದ್ರೂ ಉಗುರಲ್ಲೇ ಚಿವುಟಿಬಿಡಿ ಸಾರ್. ಅದು ಕಾಡು ನಿಂಬೆ. ಬಿಟ್ರೆ ಮೇಲಿರೋ ಮೂಸಂಬೀನ ಒಣಗಿಸಿಬಿಡುತ್ತೆ."

ಅದನ್ನು ನನಗೆ ಹೇಳಬೇಕಾಗಿರಲಿಲ್ಲ. ಬೇರು ಒಂದರದು, ಹಣ್ಣು ಇನ್ನೊಂದರದು ಎಂದು ವರ್ಷವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದವನು ನಾನು.

ಎರಡು ವರ್ಷ ಚೆನ್ನಾಗಿಯೇ ಸಾಕಿದೆ. ಬುಡದಲ್ಲಿ ನೀರು ನಿಲ್ಲದ ಹಾಗೆ ಪಾತಿ ಮಾಡಿದೆ, ಬೇವಿನ ಹಿಂಡಿ ಹಾಕಿದೆ. ಎಳೆ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳ ಕೂತಿರುತ್ತಿತ್ತು. ಮುಟ್ಟಿದರೆ ಕೆಂಪು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತಿತ್ತು. ದಿನಾ ಬೆಳಿಗ್ಗೆ ಅವನ್ನು ಆರಿಸಿ ಚಪ್ಪಲಿಯಲ್ಲಿ ಹೊಸಕುತ್ತಿದ್ದೆ. "ಚಿಟ್ಟೆ ಆಗೋದು ಕಣ್ರೀ ಅದು" ಎಂದು ನನ್ನವಳು ಮುಖ ತಿರುಗಿಸುತ್ತಿದ್ದಳು. ಮೂರನೆಯ ವರ್ಷ ಗಿಡ ಹೂಬಿಟ್ಟಿತು. ಆ ಕಂಪಿಗೆ ಪಕ್ಕದ ಮನೆಯವರೂ ಕಾಂಪೌಂಡಿನ ಮೇಲಿಂದ ಇಣುಕಿದರು.

ಆ ವರ್ಷವೇ ಅವಳು ಮತ್ತೆ ಗರ್ಭಿಣಿಯಾದಳು. ಮೂರನೆಯ ಸಲ. ಹಿಂದಿನ ಎರಡು ಬಸಿರೂ ಮೂರು ತಿಂಗಳು ದಾಟಿರಲಿಲ್ಲ. ಅವಳಿಗೆ ಮೂವತ್ತಾರಾಗಿತ್ತು. ಇದು ಹೋದರೆ ಇನ್ನಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೂವರಿಗೂ ಗೊತ್ತಿತ್ತು. ಅಮ್ಮ ತನಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ಹೊರಗೆ ತೆಗೆದಳು. ತೆಂಗಿನಕಾಯಿ ಒಡೆಯುವ ಕೆಲಸ ನನ್ನ ಕೈತಪ್ಪಿ ಪಕ್ಕದ ಮನೆಯ ಯಜಮಾನರಿಗೆ ಹೋಯಿತು. ನಾನು ಹಿತ್ತಲಿಗೆ ಹೊರಟರೆ ಹಿಂದೆಯೇ ಬರುತ್ತಿದ್ದಳು.

"ಹೆಂಡ್ತಿ ಬಸುರಿಯಾಗಿರೋವಾಗ ಗಂಡ ಹಸೀ ಗಿಡ ಕಡೀಬಾರದು ಕಣೋ. ಒಂದು ಚಿಗುರನ್ನೂ ಚಿವುಟಬೇಡ."

"ಅಮ್ಮಾ, ಗಿಡಕ್ಕೂ ಅವಳ ಹೊಟ್ಟೆಗೂ ಏನು ಸಂಬಂಧ?"

"ನಿನ್ನ ಸೈನ್ಸು ಸ್ಕೂಲಲ್ಲಿಟ್ಕೋ."

ಹೆಂಡತಿಯ ಕಡೆ ನೋಡಿದೆ. ಮೂಸಂಬಿ ಎಲೆಯೊಂದನ್ನು ಕೈಯಲ್ಲಿ ಹಿಸುಕಿ ಮೂಸುತ್ತಿದ್ದಳು. ವಾಕರಿಕೆಗೆ ಅದೊಂದೇ ಅವಳಿಗೆ ಹಿಡಿಸುತ್ತಿದ್ದುದು. ಅವಳು ಎಲೆ ಕೀಳಬಹುದಿತ್ತು, ನಾನು ಮುಟ್ಟುವಂತಿರಲಿಲ್ಲ. "ನಂಗೇನು ನಂಬಿಕೆ ಇಲ್ಲ. ಆದ್ರೂ ಬೇಡ ರೀ. ಒಂಬತ್ತು ತಿಂಗಳು ತಾನೆ" ಎಂದಳು.

ಒಂಬತ್ತು ತಿಂಗಳು ಗಿಡ ಕಾಯುವುದಿಲ್ಲ. ಮುಂಗಾರು ಬಿದ್ದದ್ದೇ ತಡ, ಗಂಟಿನ ಕೆಳಗಿನಿಂದ ಒಂದು ಚಿಗುರು ಎದ್ದಿತು. ದಪ್ಪಗೆ, ಹಸಿರಾಗಿ, ಬೆರಳುದ್ದ ಮುಳ್ಳು ಸಮೇತ. ಹದಿನೈದು ದಿನಕ್ಕೆ ಮೊಣಕಾಲಿನವರೆಗೆ ಬಂತು. ಮೇಲೆ ಬಟಾಣಿಯಷ್ಟಾಗಿದ್ದ ಮೂಸಂಬಿ ಕಾಯಿಗಳು ಒಂದೊಂದೇ ಉದುರತೊಡಗಿದವು. ನನ್ನ ವಿದ್ಯೆಯೆಲ್ಲ ಪುಸ್ತಕದ ಬದನೆಕಾಯಿಯಾಗಿ ಅದನ್ನು ನೋಡುತ್ತ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಅಮ್ಮ ಮಠಕ್ಕೆ ಹೋಗಿದ್ದಳು, ಹೆಂಡತಿ ಬಚ್ಚಲಲ್ಲಿದ್ದಳು. ನಾನು ಬಗ್ಗಿ ಆ ಚಿಗುರನ್ನು ಬುಡಕ್ಕೇ ಮುರಿದೆ. ಚಟ್ ಅಂದಿತು. ಕಾಂಪೌಂಡಿನಾಚೆ ಮೋರಿಗೆ ಎಸೆದು ಕೈ ತೊಳೆದುಕೊಂಡೆ.

ಆ ದಿನ ಸ್ಕೂಲಿನಲ್ಲಿ ನನಗೆ ಪಾಠ ಮಾಡಲಾಗಲಿಲ್ಲ. ಮೂರು ಗಂಟೆಗೇ ರಜೆ ಹಾಕಿ ಮನೆಗೆ ಓಡಿದೆ. ಅವಳು ಬ್ಯಾಂಕಿನಿಂದ ಬರುವವರೆಗೆ ಬೀದಿಬಾಗಿಲಲ್ಲೇ ನಿಂತಿದ್ದೆ. ಬಂದವಳು ನನ್ನ ಮುಖ ನೋಡಿ "ಏನಾಯ್ತು ರೀ, ಜ್ವರಾನಾ?" ಎಂದಳು. ಅವಳಿಗೇನೂ ಆಗಿರಲಿಲ್ಲ. ಜೀವ ಬಂದಂತಾಯಿತು. ಆದರೆ ಆಮೇಲೆ ಮುರಿಯುವ ಧೈರ್ಯ ಬರಲಿಲ್ಲ. ಮುರಿದ ಜಾಗದಲ್ಲಿ ಒಂದಕ್ಕೆ ಮೂರು ಚಿಗುರಿದವು, ನಾನು ಬಿಟ್ಟುಬಿಟ್ಟೆ. ಶಾಸ್ತ್ರವನ್ನೂ ಪಾಲಿಸಲಿಲ್ಲ, ಗಿಡವನ್ನೂ ಉಳಿಸಲಿಲ್ಲ. ಅಂಥ ಗಂಡಸು ನಾನು.

ಎಂಟನೆಯ ತಿಂಗಳಲ್ಲಿ ಒಂದು ಭಾನುವಾರ ಅವಳು ಕಾಫಿ ಲೋಟ ಕೆಳಗಿಟ್ಟು, "ನಿನ್ನೆಯಿಂದ ಒದೀತಾನೇ ಇಲ್ಲ ರೀ" ಎಂದಳು. ಆಟೋದಲ್ಲಿ ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು. ನಾನೂ ಕೈಯಿಟ್ಟು ನೋಡಿದೆ.

ಹೆಣ್ಣು ಮಗು. ತಲೆತುಂಬ ಕೂದಲಿತ್ತು. ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತು, ಯಾರ ಕೈಯಲ್ಲೂ ಏನೂ ಇರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನನಗೆ ಅರ್ಥವಾಯಿತು. ಬೇಕಿದ್ದರೆ ಅದರ ಚಿತ್ರವನ್ನೂ ಬೋರ್ಡಿನ ಮೇಲೆ ಬರೆಯಬಲ್ಲೆ. ಬಿಳಿ ಪಂಚೆಯಲ್ಲಿ ಸುತ್ತಿ ನಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದೆ.

ಹದಿನೈದು ದಿನ ಕಳೆದ ಮೇಲೆ ಅಮ್ಮ ಹಿತ್ತಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ಇನ್ನೇನು ಅಡ್ಡಿಯಿಲ್ಲವಲ್ಲಪ್ಪ. ಆ ಮುಳ್ಳು ಕಡಿದುಹಾಕು." ಕುಹಕದ ಮಾತಲ್ಲ, ನೊಂದು ಆಡಿದ್ದು. ಮಚ್ಚು ತಂದೆ. ಕಾಡು ನಿಂಬೆ ನನ್ನ ತಲೆಗಿಂತ ಎತ್ತರವಾಗಿತ್ತು, ಕೈಯೆಲ್ಲ ಗೀರಿತು. ಕಡಿದು ಎಳೆದು ಹಾಕಿದ ಮೇಲೆ ನಡುವೆ ಮೂಸಂಬಿಯ ಕಾಂಡ ಕಂಡಿತು. ಉಗುರಿನಿಂದ ಸಿಪ್ಪೆ ಕೆರೆದೆ. ಒಳಗೂ ಕಂದು. ಸತ್ತು ಎಷ್ಟು ದಿನವಾಗಿತ್ತೋ.

ಹೆಂಡತಿ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಎದೆಹಾಲು ಕಟ್ಟಿ ನೋಯದಿರಲೆಂದು ಕಟ್ಟಿದ್ದ ಬಟ್ಟೆ ರವಿಕೆಯೊಳಗಿಂದ ಕಾಣುತ್ತಿತ್ತು. ಒಣಗಿದ ಕಾಂಡದ ಕಡೆ ನೋಡುತ್ತ ಕೇಳಿದಳು:

"ಅತ್ತೆ ಹೇಳಿದ್ದನ್ನೆಲ್ಲ ಮಾಡಿದ್ವಲ್ಲ ರೀ. ಇಷ್ಟು ಆಸೆಯಿಂದ ಬೆಳೆಸಿದ ಗಿಡ ಸಾಯ್ತಿದ್ರೂ ನೀವು ಒಂದು ಕಡ್ಡೀನೂ ಮುರೀಲಿಲ್ಲ. ಮತ್ಯಾಕೆ ಹೀಗಾಯ್ತು?"

ನಮಗೆ ಮಕ್ಕಳಾಗಲಿಲ್ಲ. ಅವಳು ಇವತ್ತಿಗೂ ಯಾರಾದರೂ ನೆಂಟರು ಆ ಮಾತೆತ್ತಿದರೆ, "ಇವರು ಮಾತ್ರ ನನಗೋಸ್ಕರ ಎಲ್ಲಾ ನಡೆಸಿಕೊಟ್ರು" ಎನ್ನುತ್ತಾಳೆ. ನಾನು ತಲೆತಗ್ಗಿಸಿ ಕೂತಿರುತ್ತೇನೆ. ಸಂಕೋಚ ಎಂದುಕೊಳ್ಳುತ್ತಾರೆ.