ಉಪ್ಪು ನೋಡುವ ಕೆಲಸ

ಎದುರು ಮನೆಯವರ ಹೆಸರು ಖಾಜಾ ಎಂದೇ ನಾನು ಬಹಳ ದಿನ ತಿಳಿದಿದ್ದೆ. ನಮ್ಮ ಮಹಡಿಯಲ್ಲಿ ಎಲ್ಲರೂ ಅವರನ್ನು ಕಾಜಾ ಅಕ್ಕ ಅನ್ನುತ್ತಿದ್ದರು. ಮುಸ್ಲಿಮರಲ್ಲವೇ, ಇದ್ದರೂ ಇರಬಹುದು ಎಂದುಕೊಂಡು ಒಮ್ಮೆ ಗೌರವದಿಂದ "ಖಾಜಾ ಅವ್ರೇ" ಎಂದು ಕರೆದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

"ಅದು ಗಂಡಸರ ಹೆಸರು ತಂಗಿ. ಅಂಗಿಗೆ ಗುಂಡಿ ತೂರಿಸೋ ತೂತು ಇರುತ್ತಲ್ಲ, ಅದು ಕಾಜಾ. ನಾನು ಅದನ್ನ ಹೊಲಿಯೋಳು."

ದರ್ಜಿ ಅಂಗಡಿಗಳಿಂದ ಅಂಗಿಗಳು ಗಂಟುಗಟ್ಟಲೆ ಅವರ ಮನೆಗೆ ಬರುತ್ತವೆ. ಬ್ಲೇಡಿನ ಮೂಲೆಯಿಂದ ಬಟ್ಟೆ ಸೀಳಿ, ಸೀಳಿನ ಸುತ್ತ ಒತ್ತೊತ್ತಾಗಿ ಹೊಲಿಗೆ ಹಾಕುತ್ತಾರೆ. ಚಿಕ್ಕವರಿದ್ದಾಗ ತಾಯಿ ಕಲಿಸಿದ ಕೆಲಸ. ತಮ್ಮ ಗಂಡನ ಮದುವೆಯ ಅಂಗಿಗೆ ಕಾಜಾ ಹೊಲಿದವರೂ ಇವರೇ, ಆದರೆ ಅದು ಯಾರ ಅಂಗಿ ಎಂದು ಆಗ ಗೊತ್ತಿರಲಿಲ್ಲವಂತೆ. "ಮೊದಲು ಅಂಗಿ ಕೈಗೆ ಬಂತು, ಒಳಗಿರೋರು ಆಮೇಲೆ ಬಂದ್ರು" ಅನ್ನುತ್ತಾರೆ. ಆ ಒಳಗಿನವರು ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಅಪರೂಪ. ಇರುವವರು ಇವರು ಮತ್ತು ಮಂಚದ ಮೇಲೆ ಕೂತು ರೇಡಿಯೊ ಕೇಳುವ ಮಾವ.

ಇದರ ಬಗ್ಗೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚು ನನ್ನ ಮಗಳ ವಿಷಯದಲ್ಲಿ.

ಮಗಳಿಗೆ ಐದು ವರ್ಷ. ತಟ್ಟೆ ಕಂಡರೆ ಓಡುತ್ತಾಳೆ. ಡಾಕ್ಟರು ತೂಕ ನೋಡಿದಾಗಲೆಲ್ಲ ನನ್ನ ಮುಖವನ್ನೂ ನೋಡುತ್ತಾರೆ. ತುತ್ತು ಹಿಡಿದು ನಾನು ಅಂಗಲಾಚುತ್ತೇನೆ, ಗದರುತ್ತೇನೆ, ಕೊನೆಗೆ ನಾನೇ ತಿನ್ನುತ್ತೇನೆ. ಈ ಹುಡುಗಿ ರಂಜಾನ್ ತಿಂಗಳು ಶುರುವಾದದ್ದೇ ದಿನಾ ಸಂಜೆ ಎದುರು ಮನೆಗೆ ಹೋಗಿ ಬಟ್ಟಲು ನೆಕ್ಕಿ ಬರತೊಡಗಿದಳು.

"ಅಲ್ಲಿ ಏನು ತಿಂದೆ?"

"ತಿಂದಿಲ್ಲ. ಉಪ್ಪು ನೋಡ್ದೆ."

ಹೋಗಿ ನೋಡಿದರೆ ಒಲೆಯ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತಿದ್ದಾಳೆ. ಉಪವಾಸವಿರುವವರು ಅಡುಗೆಯ ರುಚಿ ನೋಡುವಂತಿಲ್ಲ ಎಂದು ಕಾಜಾ ಅಕ್ಕನ ನೇಮ. ಸೂಜಿಗೆ ದಾರ ಪೋಣಿಸುವಾಗಲೂ ತುದಿಯನ್ನು ತುಟಿಗೆ ತಾಗಿಸದೆ ಬಟ್ಟಲಿನ ನೀರಿನಲ್ಲಿ ಅದ್ದುತ್ತಾರೆ. ಹಾಗಾಗಿ ಸೌಟಿನಲ್ಲಿ ಸಾರು ಆರಿಸಿ ನನ್ನ ಮಗಳ ಮುಂದೆ ಹಿಡಿದು, "ಮೇಡಂ, ಸ್ವಲ್ಪ ನೋಡಿ ಹೇಳ್ತೀರಾ?" ಅನ್ನುತ್ತಿದ್ದರು. ಮೇಡಂ ಕಣ್ಣು ಮುಚ್ಚಿ ಚಪ್ಪರಿಸಿ, "ಇನ್ನೂ ಸರಿಯಾಗಿ ಗೊತ್ತಾಗ್ತಿಲ್ಲ, ಅನ್ನದ ಜೊತೆ ಕೊಡಿ" ಅನ್ನುತ್ತಿದ್ದಳು. ಉಪ್ಪು ಗೊತ್ತಾಗುವ ಹೊತ್ತಿಗೆ ಬಟ್ಟಲು ಖಾಲಿ.

ಮರುದಿನ ನಾನೂ ಸೌಟು ಹಿಡಿದೆ. "ಮೇಡಂ, ಉಪ್ಪು ನೋಡಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ನೋಡ್ಕೊ. ನಿಂಗೇನು ಉಪವಾಸನಾ?"

ಗಂಡ ಪತ್ರಿಕೆಯ ಹಿಂದೆ ನಕ್ಕದ್ದು ಕೇಳಿಸಿತು.

ನಮ್ಮಲ್ಲೂ ಉಪವಾಸ ಇಲ್ಲವೆಂದಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಾನು ಕಾಫಿಗೆ ಸಕ್ಕರೆ ಬಿಡುತ್ತೇನೆ. ಬಿಟ್ಟದ್ದು ಯಾರಿಗೂ ಗೊತ್ತಾಗಬಾರದು ಎಂದು ಚಿಕ್ಕಂದಿನಲ್ಲೇ ಕಲಿಸಿದ್ದರು. ಗೊತ್ತಾಗುವುದೂ ಇಲ್ಲ, ಗಂಡನಿಗೂ ಗೊತ್ತಾಗುವುದಿಲ್ಲ. ಎದುರು ಮನೆಯ ಉಪವಾಸಕ್ಕೋ ಮಹಡಿಯೆಲ್ಲ ಸಾಕ್ಷಿ. ಬೆಳಕು ಹರಿಯುವ ಮುಂಚೆ ಪಾತ್ರೆಯ ಸದ್ದು, ಸಂಜೆಯಾದರೆ ಮಾವ ಸೊಸೆ ಖರ್ಜೂರದ ತಟ್ಟೆಯ ಮುಂದೆ ಕೂತು ಮಸೀದಿಯ ಬಾಂಗಿಗೆ ಕಾಯುವುದು. ಈ ಸಲ ಎರಡೂ ಒಟ್ಟಿಗೇ ಬಂದಿದ್ದವು. ನನ್ನ ಕಹಿ ಕಾಫಿಯನ್ನು ನಾನು ಒಬ್ಬಳೇ ಕುಡಿದೆ. ಅವರು ನೀರನ್ನೂ ಕುಡಿಯದೆ ನನ್ನ ಮಗಳನ್ನು ಪಡೆದರು.

ಒಂದು ಮಧ್ಯಾಹ್ನ ಮಗಳ ಸ್ವೆಟರಿಗೆ ಗುಂಡಿ ಹಾಕಿಸಲು ಹೋದೆ. ಮಾವ ನಿದ್ದೆಯಲ್ಲಿದ್ದರು. ಹೊಲಿಗೆ ಕೋಣೆಯ ಪರದೆ ಸರಿಸಿದರೆ, ಅಂಗಿಗಳ ಗಂಟಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಕಾಜಾ ಅಕ್ಕ ಅನ್ನ ತಿನ್ನುತ್ತಿದ್ದಾರೆ. ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಸಿಕ್ಕಿಬಿದ್ದರಲ್ಲ.

ಅವರು ಗಾಬರಿಯಾಗಲಿಲ್ಲ. ಪರದೆ ಎಳೆ ಎಂದು ಸನ್ನೆ ಮಾಡಿ, ತುತ್ತು ನುಂಗಿ ಪಿಸುಗುಟ್ಟಿದರು. "ತಿಂಗಳ ರಜಾ. ಮುಟ್ಟಿನ ದಿನಗಳಲ್ಲಿ ನಮಗೆ ಉಪವಾಸ ಇಲ್ಲ ತಂಗಿ, ಆಮೇಲೆ ಒಂದೊಂದನ್ನೂ ತೀರಿಸ್ಬೇಕು. ಮಾವನೋರ ಮುಂದೆ ತಿನ್ನೋಕೆ ನಾಚಿಕೆ. ಬಾ ಕೂತ್ಕೊ. ಒಬ್ಳೇ ಕದ್ದು ತಿಂದ್ರೆ ಗಂಟಲಲ್ಲಿ ಇಳಿಯಲ್ಲ."

ಕೂತೆ. ಖುಷಿ ಇಳಿದುಹೋಯಿತು. ಆಗ ನನಗೊಂದು ಹೊಳೆಯಿತು. "ಹಂಗಾದ್ರೆ ನಿನ್ನೆ, ಮೊನ್ನೆ ಎಲ್ಲ ಉಪ್ಪು ನೀವೇ ನೋಡ್ಬಹುದಿತ್ತಲ್ಲ ಅಕ್ಕ?"

"ನೋಡಿದ್ದೆ. ಸರಿ ಇತ್ತು."

"ಮತ್ತೆ ಅವಳನ್ಯಾಕೆ ಕರೆದ್ರಿ?"

"ಕೊಟ್ಟ ಕೆಲಸಾನ ಮಧ್ಯದಲ್ಲಿ ಕಿತ್ಕೊಳ್ಳೋದಾ? ಪಾಪ, ಎಷ್ಟು ಶ್ರದ್ಧೆಯಿಂದ ಬರ್ತಾರೆ ಮೇಡಂ."

ಅವರು ಕಳ್ಳಿಯಾಗಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಗುವಿಗೆ ತುತ್ತು ಬೇಕಿರಲಿಲ್ಲ, ಕೆಲಸ ಬೇಕಿತ್ತು. ಇದು ಹೆತ್ತವಳಿಗೆ ಹೊಳೆಯಲಿಲ್ಲ, ಎದುರು ಬಾಗಿಲಿನವರಿಗೆ ಹೊಳೆಯಿತು. ರಾತ್ರಿಯೆಲ್ಲ ಅದೇ ಕೊರೆಯಿತು.

ಅವರ ಉಪವಾಸ ಮತ್ತೆ ಶುರುವಾದ ಮೇಲೆ ನಾನೂ ಒಂದು ದಿನ ಹಿಡಿದೆ. ಭಕ್ತಿಯಿಂದಲ್ಲ, ಹಟದಿಂದ. ಬೆಳಗಿನ ಕಾಫಿ ಬಿಟ್ಟದ್ದಕ್ಕೆ ತಲೆನೋವು ಬಂತು, ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತು. ನೀರಿನ ನಲ್ಲಿ ತಿರುಗಿಸಿದಾಗ ಆದ ಆಸೆ ದೇವರಿಗೇ ಗೊತ್ತು. ಹೀಗೆ ಇಡೀ ತಿಂಗಳು ಸೂಜಿ ಹಿಡಿದು ಕೂರುವವರ ಬಗ್ಗೆ ಮೊದಲ ಸಲ ಹೆದರಿಕೆಯಂಥ ಗೌರವ ಹುಟ್ಟಿತು. ಅದರ ಬೆನ್ನಿಗೇ ಇನ್ನಷ್ಟು ಹೊಟ್ಟೆಕಿಚ್ಚು.

ಸಂಜೆ ಆರರ ಹೊತ್ತಿಗೆ ಕಾಜಾ ಅಕ್ಕ ಸ್ವೆಟರು ಕೊಡಲು ಬಂದು ನನ್ನ ಒಣಗಿದ ತುಟಿ ನೋಡಿದರು.

"ಜ್ವರನಾ?"

"ಇಲ್ಲ ಅಕ್ಕ. ಉಪವಾಸ."

"ನೀನಾ? ಯಾವ ಲೆಕ್ಕಕ್ಕೆ?"

ನಾನು ಸೌಟು ಕೈಗೆತ್ತಿಕೊಂಡೆ. ಅವರು ಒಲೆಯ ಮೇಲಿನ ಪಾತ್ರೆ ನೋಡಿದರು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ನನ್ನ ಮಗಳನ್ನು ನೋಡಿದರು. ಅರ್ಥವಾಗಿರಬೇಕು. ಬಗ್ಗಿ ಅವಳ ಚಪ್ಪಲಿ ಬಿಚ್ಚಿದರು.

"ಮೇಡಂ, ಇವತ್ತು ನಿಮಗೆ ಇಲ್ಲೇ ಡ್ಯೂಟಿ. ನಿಮ್ಮಮ್ಮ ಉಪವಾಸ ಇದ್ದಾರೆ. ಬಾಯಿಗೆ ಏನೂ ಹಾಕೋ ಹಂಗಿಲ್ಲ."

ಮಗಳು ನನ್ನತ್ತ ತಿರುಗಿದಳು. "ನಿಜವಾಗ್ಲೂ? ನಾಲಿಗೆ ತೋರ್ಸು."

ತೋರಿಸಿದೆ. ಒಪ್ಪಿಗೆಯಾಯಿತು. ಅಡುಗೆಕಟ್ಟೆಯ ಮೇಲೆ ಕೂತು ಸಾರಿನ ಉಪ್ಪು ನೋಡಿದಳು, ಕಮ್ಮಿ ಎಂದಳು, ಹಾಕಿದ ಮೇಲೆ ಮತ್ತೆ ನೋಡಿದಳು, ಅನ್ನದ ಜೊತೆ ನೋಡಿದಳು. ತಟ್ಟೆ ಅರ್ಧ ಇಳಿದಿತ್ತು. ಅಷ್ಟರಲ್ಲಿ ಬಾಂಗು ಆಯಿತು. ಸ್ವಲ್ಪ ಹೊತ್ತಿಗೆ, ತೆರೆದ ಎರಡೂ ಬಾಗಿಲು ದಾಟಿ ಮಾವನ ಸಮಾಧಾನದ ದನಿ ಬಂತು.

"ಏನಮ್ಮಾ, ಇವತ್ತು ಉಪ್ಪಿಗೂ ಉಪವಾಸನಾ?"

ಮಗಳು ಕಟ್ಟೆಯಿಂದ ಜಿಗಿದಳು. "ನೋಡಿದ್ಯಾ, ನಾನಿಲ್ಲ ಅಂದ್ರೆ ಹಿಂಗೇ" ಎನ್ನುತ್ತ, ಎಂಜಲು ಬಾಯಿಯಲ್ಲೇ ಓಡಿದಳು.

ಅರ್ಧ ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ಎಂದಿನಂತೆ ಅದನ್ನು ನಾನೇ ಮುಗಿಸಿಬಿಡಬಹುದಿತ್ತು, ಹಸಿವೂ ಇತ್ತು. ತಟ್ಟೆ ಎತ್ತಿಕೊಂಡು ಬೆನ್ನಿಗೇ ಹೋದೆ. ಮಾವ ಚಾಪೆಯಲ್ಲಿ ಸರಿದು ಜಾಗ ಮಾಡಿದರು. ಕಾಜಾ ಅಕ್ಕ ಮೊದಲು ನನ್ನ ಕೈಗೆ ಖರ್ಜೂರ, ನೀರು ಇಟ್ಟರು. ಮಗಳು ಅವರ ಪಾತ್ರೆಗೆ ಉಪ್ಪು ಹಾಕಿಸಿ, ನೋಡಿ, ತಲೆಯಾಡಿಸಿ, ಅವರ ತೊಡೆಯೇರಿ ಕೂತಳು. ನಾನು ತುತ್ತು ಹಿಡಿದೆ. ಬಾಯಿ ತೆರೆದಳು.

ತೊಡೆ ಅವರದು, ಕೈ ನನ್ನದು. ಸದ್ಯಕ್ಕೆ ಇಷ್ಟಕ್ಕೆ ಒಪ್ಪಿಕೊಂಡಿದ್ದೇನೆ.