ಬೈಂಡರಮ್ಮನ ಕಂಕುಳಿನ ಗಂಟು

ಬೈಂಡರಮ್ಮನ ಬಲಗೈ ಹೆಬ್ಬೆರಳಿನ ಉಗುರನ್ನು ಮೊದಲ ಸಲ ಕಂಡವರು ಬಗ್ಗಿ ಇನ್ನೊಮ್ಮೆ ನೋಡುತ್ತಿದ್ದರು. ಅರ್ಧ ಅಂಗುಲ ಉದ್ದ, ದಪ್ಪಗೆ, ತುದಿ ಸವೆದು ನುಣ್ಣಗಾದ ಉಗುರು. ಹಾಳೆ ಮಡಿಸಿ ಗೀರು ಎಳೆಯಲು ಬೇರೆ ಬೈಂಡರುಗಳು ಮರದ ಪಟ್ಟಿ ಇಟ್ಟುಕೊಂಡರೆ ಇವಳಿಗೆ ಈ ಉಗುರೇ ಸಾಕಾಗಿತ್ತು. ಕೇಳಿದವರಿಗೆ, "ಪಟ್ಟಿ ಆದ್ರೆ ಎಲ್ಲಿಟ್ಟೆ ಅಂತ ಹುಡುಕ್ಬೇಕು. ಇದು ನನ್ನ ಬಿಟ್ಟು ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಹಾಳೆಗಳು ಆ ಉಗುರಿನಡಿ ಮಡಚಿಕೊಂಡಿದ್ದವೋ ಅವಳಿಗೇ ಗೊತ್ತಿರಲಿಲ್ಲ.

ಪೇಟೆಯ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಎರಡು ಕೋಣೆಯೇ ಅವಳ ಅಂಗಡಿ, ಕಾರ್ಖಾನೆ ಎಲ್ಲ; ಮನೆ ಬೇರೆ ಕಡೆ. ಪುಸ್ತಕದ ಬೈಂಡಿಂಗಿಗೆ ಹಿಟ್ಟಿನ ಅಂಟು ಬೇಕು. ಹಿಟ್ಟಿದ್ದ ಕಡೆ ಇಲಿ ಬರದೆ ಬಿಡುತ್ತದೆಯೇ? ಅದಕ್ಕೇ ಒಂದು ಬೆಕ್ಕು ಇತ್ತು. ಹೊಲಿದಿಟ್ಟ ಪುಸ್ತಕಗಳ ಮೇಲೆ ಕೂತು ಎಲ್ಲರ ಕೆಲಸದ ಮೇಲೂ ಕಣ್ಣಿಡುತ್ತಿದ್ದುದರಿಂದ ಅದರ ಹೆಸರು ಮೇಸ್ತ್ರಿ. ಮಧ್ಯಾಹ್ನ ಊಟವಾದ ಮೇಲೆ ಬೈಂಡರಮ್ಮ ಮೇಸ್ತ್ರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂದಲು ಬಿಡಿಸಿ ಚಿಗಟ ಹಿಡಿಯುವಳು. ಸಿಕ್ಕಿದ್ದನ್ನು ಮೇಜಿನ ಅಂಚಿಗೆ ಒತ್ತಿ ಅದೇ ಉಗುರಿನಿಂದ ಚಟ್ಟೆನ್ನಿಸುವಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಹಾಳೆ ಮಡಿಸಲು ಕೂರುವಳು. ಕಾಗದ ಕೊಯ್ದ ಗಾಯವಿಲ್ಲದ ಬೆರಳು ಆ ಕಸುಬಿನಲ್ಲಿ ಯಾರಿಗೂ ಇರುವುದಿಲ್ಲ.

ಜೊತೆಗೆ ಕೆಲಸ ಮಾಡುತ್ತಿದ್ದವಳು ಅಕ್ಕನ ಮಗಳು. ಈಗ ಇಪ್ಪತ್ತಾರು ವರ್ಷ. ಹನ್ನೊಂದರಲ್ಲಿ ತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮನ ಮನೆ ಸೇರಿದವಳು. ಆ ತಾಯಿಗೆ ಆಗಿದ್ದು ಎದೆಯ ಕ್ಯಾನ್ಸರು. ಕಂಕುಳಿನ ಗಂಟನ್ನು ಎಂಟು ತಿಂಗಳು ಯಾವ ಡಾಕ್ಟರಿಗೂ ತೋರಿಸದೆ ಮುಚ್ಚಿಟ್ಟಿದ್ದಳು. ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಬೈಂಡರಮ್ಮನ ದುಃಖ ಸಿಟ್ಟಾಗಿಯೇ ಹೊರಬರುತ್ತಿತ್ತು. ಸೂಜಿಗೆ ದಾರ ಪೋಣಿಸುವಾಗಲೂ, ಅನ್ನ ಬಡಿಸುವಾಗಲೂ, "ನಿಮ್ಮಮ್ಮ ಒಂದು ಮಾತು ಬಾಯಿ ಬಿಟ್ಟಿದ್ರೆ ಇವತ್ತು ಇರ್ತಿದ್ಲು. ಅದೇನು ಹಟವೋ ಏನೋ," ಎನ್ನುವಳು. ಹುಡುಗಿ ತಲೆ ಬಗ್ಗಿಸಿ ಹೊಲಿಯುತ್ತಲೇ ಇರುವಳು.

ಹೀಗಿರುವಾಗ ಬೈಂಡರಮ್ಮನ ಹೆಬ್ಬೆರಳಿನ ಬುಡದಲ್ಲೊಂದು ಗುಳ್ಳೆ ಎದ್ದಿತು. ಅಂಥವು ಎಷ್ಟೋ ಎದ್ದು ಹೋಗಿದ್ದವು, ಅವಳು ಅತ್ತ ನೋಡಲೂ ಇಲ್ಲ. ಎರಡು ವಾರ ಕಳೆದ ಮೇಲೆ ಸ್ನಾನ ಮಾಡುವಾಗ ಬಲಗಂಕುಳಲ್ಲಿ ಕೈಗೆ ಏನೋ ಸಿಕ್ಕಿತು. ಮೊದಲು ಕಡಲೆಕಾಳಿನಷ್ಟಿದ್ದದ್ದು ನೋಡನೋಡುತ್ತ ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಸಂಜೆಯಾದರೆ ಸಣ್ಣ ಜ್ವರ, ಮೈಕೈ ನೋವು.

ಈಗ ನೋಡಿ ಮನುಷ್ಯರ ಬುದ್ಧಿ. ಹದಿನೈದು ವರ್ಷ ಸತ್ತ ಅಕ್ಕನನ್ನು ಬೈದ ಬಾಯಿಗೆ ಬೀಗ ಬಿತ್ತು. ಡಾಕ್ಟರಿಗೆ ತೋರಿಸಿದರೆ ರೋಗದ ಹೆಸರು ಹೇಳುತ್ತಾರೆ, ಹೆಸರು ಹೇಳಿದರೆ ಆ ಹುಡುಗಿಯ ಮುಖ ನೋಡಬೇಕು. ಅವಳಿಗೆ ಎರಡನೇ ಸಲ ತಾಯಿ ಸಾಯುವುದನ್ನು ತಾನೇ ಹೇಗೆ ಹೇಳಲಿ ಎಂದು ಬೈಂಡರಮ್ಮ ಒಳಗೊಳಗೇ ಬೇಯುತ್ತಿದ್ದಳು. ಕೈಯಲ್ಲಿರುವ ಕೆಲಸ ಮುಗಿಸಿಬಿಡೋಣ, ಆಮೇಲೆ ನೋಡೋಣ ಎಂದು ದಿನ ತಳ್ಳಿದಳು.

ಸಿಕ್ಕಿಬಿದ್ದದ್ದು ಪ್ರೆಸ್ಸಿನಿಂದ. ಹೊಲಿದ ಪುಸ್ತಕಗಳನ್ನು ಅದುಮುವ ಕಬ್ಬಿಣದ ಪ್ರೆಸ್ಸು ಅದು. ಅದರ ಹಿಡಿಯನ್ನು ಬೈಂಡರಮ್ಮ ಬೇರೆ ಯಾರಿಗೂ ಮುಟ್ಟಲು ಬಿಟ್ಟವಳಲ್ಲ. ಒಂದು ದಿನ ತಾನಾಗಿಯೇ, "ನೀನೇ ತಿರುಗಿಸು, ನಿನಗೂ ಕೈ ಪಳಗ್ಲಿ," ಎಂದಳು. ಮರುದಿನವೂ ಅದೇ ಮಾತು. ಮೂರನೇ ದಿನ ಹುಡುಗಿ ಪ್ರೆಸ್ಸಿನ ಹತ್ತಿರ ಹೋಗಲಿಲ್ಲ. ಬಂದು ಎದುರಿಗೆ ನಿಂತಳು.

"ಬಲಗೈ ಎತ್ತು ಚಿಕ್ಕಮ್ಮ."

"ಯಾಕೆ, ಕವಾಯತು ಮಾಡಿಸ್ತೀಯಾ?"

"ಎತ್ತು."

ಎತ್ತಲಾಗಲಿಲ್ಲ. ಹುಡುಗಿ ರವಿಕೆಯ ಮೇಲಿನಿಂದಲೇ ಮುಟ್ಟಿ ನೋಡಿದಳು. ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಗಂಟಿಗೆ ಸೂಜಿ ಹಾಕಿ ಒಳಗಿನ ಸ್ವಲ್ಪ ಅಂಶ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಒಂದು ವಾರ. ಆ ವಾರ ಇಬ್ಬರೂ ಎಷ್ಟು ಚೆನ್ನಾಗಿ ನಡೆದುಕೊಂಡರೆಂದರೆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು.

ವಾರ ಕಳೆದು ಮತ್ತೆ ಹೋದಾಗ ಡಾಕ್ಟರು ಕಾಗದ ನೋಡುತ್ತ, "ಕ್ಯಾನ್ಸರ್ ಅಲ್ಲ. ಕ್ಷಯಾನೂ ಅಲ್ಲ. ಯಾವುದೋ ಸೋಂಕು," ಎಂದರು. "ಮನೇಲಿ ಬೆಕ್ಕು ಸಾಕಿದೀರಾ?"

"ಇಲ್ಲ," ಎಂದಳು ಬೈಂಡರಮ್ಮ. ಸುಳ್ಳಲ್ಲ; ಮೇಸ್ತ್ರಿ ಇದ್ದದ್ದು ಅಂಗಡಿಯಲ್ಲಿ, ಮನೆಗೆ ಕಾಲಿಟ್ಟದ್ದೇ ಇಲ್ಲ.

"ಉಣ್ಣೆ ಹುಳ ಏನಾದ್ರೂ ಕಚ್ಚಿತ್ತಾ?"

"ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಹುಡುಗಿ ಮಧ್ಯೆ ಬಾಯಿ ಹಾಕಿ ಅಂಗಡಿಯ ಬೆಕ್ಕಿನ ವಿಷಯ ಹೇಳಿದಳು. ಬೈಂಡರಮ್ಮನಿಗೆ ಸಿಟ್ಟು ಬಂತು. "ಮೇಸ್ತ್ರಿ ಇವತ್ತಿನವರೆಗೂ ಯಾರಿಗೂ ಪರಚಿಲ್ಲ. ಗುಂಡಗೆ ಆರೋಗ್ಯವಾಗಿದೆ. ಅದರ ಮೇಲೆ ಯಾಕೆ ಹೇಳ್ತೀರಿ?"

"ಚಿಗಟ ಇದೆಯಾ?"

"ಅವನ್ನ ನಾನು ಬಿಡ್ತೀನಾ? ಒಂದೊಂದಾಗಿ ಹಿಡಿದು ಹೀಗೆ..." ಎಂದು ಉಗುರನ್ನು ಮೇಜಿಗೆ ಒತ್ತಿ ತೋರಿಸಿದಳು.

ಡಾಕ್ಟರು ಆ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಬೆರಳ ತುಂಬ ಸಣ್ಣ ಸಣ್ಣ ಗೀರುಗಳು, ಬುಡದಲ್ಲಿ ಒಣಗಿದ ಗುಳ್ಳೆಯ ಗುರುತು. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಇಂಥ ಸೋಂಕು ತರುವ ಒಂದು ಬ್ಯಾಕ್ಟೀರಿಯಾ ಬೆಕ್ಕಿನ ರಕ್ತದಲ್ಲಿರುತ್ತದೆ, ಬೆಕ್ಕಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರಕ್ತ ಹೀರಿದ ಚಿಗಟದ ಹಿಕ್ಕೆಯಲ್ಲಿ ಅದು ಹೊರಬರುತ್ತದೆ. ಆ ಹಿಕ್ಕೆ ಉಗುರಿಗೆ ಮೆತ್ತಿ ಕೊಯ್ದ ಗಾಯದೊಳಗೆ ಹೋದರೆ, ಕೈಯಿಂದ ಕಂಕುಳಿಗೆ ದಾರಿ ದೂರವಿಲ್ಲ. "ಹೆಚ್ಚುಕಮ್ಮಿ ಇದೇ. ರಕ್ತ ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ. ಮಾತ್ರೆ ಕೊಡ್ತೀನಿ, ಗಂಟು ಪೂರ್ತಿ ಇಳಿಯೋಕೆ ಒಂದೆರಡು ತಿಂಗಳು ಹಿಡಿಯಬಹುದು. ಬೆಕ್ಕನ್ನ ಓಡಿಸ್ಬೇಡಿ, ಚಿಗಟಕ್ಕೆ ಔಷಧಿ ಹಾಕ್ಸಿ. ಬೆರಳಲ್ಲಿ ಕೊಲ್ಲೋದು ಮಾತ್ರ ಇನ್ನು ಬೇಡ."

ಹೊರಗೆ ಬಂದ ಮೇಲೆ ಬೈಂಡರಮ್ಮನಿಗೆ ಮೈ ಹಗುರಾಗಿ ನಗುವೇ ಬಂತು. "ನೋಡಿದ್ಯಾ, ಒಂದು ಚಿಗಟ ನನ್ನನ್ನ ಅರ್ಧ ಸಾಯಿಸಿಬಿಟ್ಟಿತ್ತು," ಎಂದು ತಿರುಗಿ ನೋಡಿದರೆ ಹುಡುಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

ಬೈಂಡರಮ್ಮ ಪಕ್ಕದಲ್ಲಿ ಕೂತಳು. "ತಪ್ಪಾಯ್ತು ಕಣೇ. ನಿಮ್ಮಮ್ಮನ್ನ ಅಷ್ಟು ಬೈದೆ, ನಾನೂ ಅದನ್ನೇ ಮಾಡ್ದೆ. ಅವಳು ಯಾಕೆ ಯಾರಿಗೂ ಹೇಳ್ಲಿಲ್ಲ ಅಂತ ಈಗ ಗೊತ್ತಾಯ್ತು."

"ಹೇಳಿದ್ಲು ಚಿಕ್ಕಮ್ಮ."

"ಯಾರಿಗೆ?"

"ನನಗೆ. ಒಂದಿನ ನನಗೆ ತಲೆ ಬಾಚೋವಾಗ ಅಮ್ಮಂಗೆ ಕೈ ಎತ್ತೋಕಾಗ್ಲಿಲ್ಲ, ಯಾಕೆ ಅಂತ ಕೇಳ್ದೆ. ಗಂಟು ಮುಟ್ಟಿಸಿದ್ಲು. ಚಿಕ್ಕಮ್ಮಂಗೆ ಹೇಳ್ಬೇಡ, ಗಾಬರಿ ಆಗ್ತಾಳೆ ಅಂತ ಆಣೆ ಹಾಕಿಸ್ಕೊಂಡ್ಲು. ನಾನು ಹೇಳ್ಲಿಲ್ಲ."

ಜನ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದ್ದರು. ಒಂದು ಮಾತು ಬಾಯಿ ಬಿಟ್ಟಿದ್ದರೆ ಎಂದು ಹದಿನೈದು ವರ್ಷ ತಾನು ದಿನಾ ಹೇಳಿದ್ದು ಯಾರ ಕಿವಿಗೆ ಬಿದ್ದಿತ್ತೆಂದು ಬೈಂಡರಮ್ಮನಿಗೆ ಆಗ ಅರ್ಥವಾಯಿತು. ನೋವನ್ನು ಹಲ್ಲು ಕಚ್ಚಿ ತಡೆದು ಬಲಗೈಯನ್ನು ಎತ್ತಿ ಹುಡುಗಿಯನ್ನು ಹತ್ತಿರ ಎಳೆದುಕೊಂಡಳು.

"ನೀನಾಗ ಹನ್ನೊಂದು ವರ್ಷದ ಮಗು," ಎಂದಳು. "ಯಾಕೆ ಅಂತ ಅವಳನ್ನ ಕೇಳ್ಬೇಕಾಗಿದ್ದವಳು ನಾನು."