ಬೀಗರಿಗೊಂದು ಬೀಗ

ದೊಡ್ಡ ಹೋಟೆಲಿಗೆ ಮುಪ್ಪು ಬಂದಾಗ ಅದು ಮೊದಲು ಲಾಬಿಗೆ ಬಣ್ಣ ಹಚ್ಚಿಕೊಳ್ಳುತ್ತದೆ. ಮೇಲಿನ ಮಹಡಿಗಳ ಸರದಿ ಬರುವುದು ದುಡ್ಡು ಉಳಿದರೆ ಮಾತ್ರ. ಆ ದುಡ್ಡು ಎಂದೂ ಉಳಿಯುವುದಿಲ್ಲ. ಅಮೃತಶಿಲೆಯ ನೆಲದ ಮೇಲೆ ನಿಂತು ಬಾಯಿ ಬಿಟ್ಟು ನೋಡುವವರಿಗೆಲ್ಲ ಇದು ಗೊತ್ತಿರಬೇಕಾದ ಮಾತು. ಗೊತ್ತಿಲ್ಲದವರಂತೆ ನಟಿಸುತ್ತಾರೆ, ಅಷ್ಟೆ.

ಪುಣೆಯ ಪಕ್ಕದ ಪಿಂಪ್ರಿಯ ಚನ್ನಬಸವ್ವನಿಗೆ ಆ ನಟನೆ ಬರುತ್ತಿರಲಿಲ್ಲ. ಬೈಲಹೊಂಗಲದಿಂದ ಸೊಸೆಯಾಗಿ ಬಂದ ಹೊಸತರಲ್ಲಿ, ಬಾಗಿಲಿಗೆ ಬಂದ ಸವಿಮಾತಿನವನೊಬ್ಬ ಅವಳಿಗೆ ಒಂದು ಡಬ್ಬಿ ತುಪ್ಪ ಮಾರಿ ಹೋಗಿದ್ದ. ಮೇಲೆ ಬೆರಳುದ್ದ ತುಪ್ಪ, ಕೆಳಗೆಲ್ಲ ಬೇಯಿಸಿ ನಾದಿದ ಬಟಾಟೆ. ಅಂದಿನಿಂದ ಅವಳು ಯಾವುದನ್ನೂ ಮೇಲಿಂದ ನೋಡಿ ನಂಬಲಿಲ್ಲ. ಅಕ್ಕಿಯ ಚೀಲಕ್ಕೆ ಮೊಣಕೈತನಕ ಕೈ ಹಾಕುವಳು. ಹಾಲಿನವನ ಕ್ಯಾನಿನ ತಳ ನೋಡುವಳು. ಕಾಲನಿಯ ಮರಾಠಿ ಹೆಂಗಸರು ಅವಳಿಗೆ ಇಟ್ಟ ಹೆಸರು ‘ಸಿಬಿಐ ಕಾಕು’, ಅಂದರೆ ಸಿಬಿಐ ಚಿಕ್ಕಮ್ಮ. ಅವಳು ಬರುವುದು ಕಂಡರೆ ಬದನೆಕಾಯಿಯವನು ಹುಳುಕಿನವನ್ನು ತಾನಾಗಿಯೇ ಆರಿಸಿ ಬುಟ್ಟಿಯ ಹಿಂದೆ ಎಸೆಯುತ್ತಿದ್ದ.

ಅವಳ ಸಂಶಯ ಬಹಳ ಸಲ ಸುಳ್ಳಾಗುತ್ತಿತ್ತು, ಅದನ್ನೂ ಹೇಳಬೇಕು. ಮಗಳು ರಂಜನಾ ಶಾಲೆಯಿಂದ ಮೊಣಕಾಲು ತರಚಿಕೊಂಡು ಬಂದಾಗ, ಮಾಸ್ತರಬಾಯಿ ನೀಲಿಮಾ ಹೊಡೆದಿರಬೇಕೆಂದು ಶಾಲೆಗೇ ಹೋಗಿ ಜಗಳ ತೆಗೆದಳು. ಹುಡುಗಿ ಪೇರಲ ಗಿಡದಿಂದ ಬಿದ್ದದ್ದೆಂದು ಸಂಜೆಗೆ ತಿಳಿಯಿತು. ಮರುದಿನ ನೀಲಿಮಾಳ ಮನೆಗೆ ಹೋಳಿಗೆ ಹೋಯಿತು. ತಪ್ಪಾಯಿತೆಂಬ ಮಾತು ಹೋಗಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ರಂಜನಾಳ ಮದುವೆ ನಿಶ್ಚಯವಾಯಿತು. ಹುಡುಗ ರೋಹಿತ, ಚಾಕಣದ ಕಾರಿನ ಕಾರಖಾನೆಯಲ್ಲಿ ಕೆಲಸ. ಅವನ ಮನೆಯವರು ಧಾರವಾಡದವರು. ಮದುವೆ ಪುಣೆಯಲ್ಲಿ ಆದ್ದರಿಂದ ಬೀಗರ ಬಿಡಾರ, ಅಂದರೆ ಗಂಡಿನ ಕಡೆಯವರನ್ನು ಇಳಿಸುವ ಏರ್ಪಾಡು, ಹೆಣ್ಣಿನವರ ಪಾಲಿಗೆ ಬಂತು. ರೋಹಿತನ ತಂದೆ ಶಿವಪ್ಪನವರು ಸರಕಾರಿ ನೌಕರಿಯಿಂದ ನಿವೃತ್ತರಾದವರು. ಮಾತುಕತೆಯ ದಿನ ಅವರು ಒಂದೇ ಆಸೆ ಮುಂದಿಟ್ಟರು.

“ಹುಂಡಾ, ವರದಕ್ಷಿಣಿ ಏನೂ ಬ್ಯಾಡ್ರಿ. ಬಿಡಾರ ಮಾತ್ರ ಪುಣೆ ಸ್ಟೇಶನ್ ಹತ್ರ ಅದಲ್ಲ, ಆ ದೊಡ್ಡ ಹೋಟೆಲಿನಾಗ ಆಗ್ಲಿ. ವಯಸ್ಸಿನಾಗ ಡ್ಯೂಟಿ ಮ್ಯಾಲೆ ಬಂದಾಗ ಎದುರಿನ ಫುಟ್‌ಪಾಥಿನಾಗ ನಿಂತು ಅದನ್ನ ನೋಡೀನಿ. ಒಳಗ ಹೋಗೂ ಯೋಗ ಬರಲಿಲ್ಲ.”

ಹೋಟೆಲಿನ ಹೆಸರು ಇಲ್ಲಿ ಬೇಡ. ಬರೆದರೆ ಓದುವವರು ಆ ಒಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗಿ ನಿಶ್ಚಿಂತೆಯಿಂದ ಮಲಗುತ್ತಾರೆ.

ವಿಚಾರಿಸಿದರೆ ಆ ಹೋಟೆಲಿನ ಬಾಡಿಗೆ ಅವರ ಕೈಗೆ ಎಟುಕುವಷ್ಟು ಇಳಿದಿತ್ತು. ಚನ್ನಬಸವ್ವನ ಗಂಡ ಶಿವಪುತ್ರಪ್ಪನಿಗೆ ಸಂತೋಷವಾಯಿತು. ಚನ್ನಬಸವ್ವನಿಗೆ ಅದೇ ಮೊದಲ ಸಂಶಯ.

“ನಮ್ಮಂಥವರಿಗೆ ಸಿಗ್ತದಂದ್ರ ಏನೋ ಅದ,” ಎಂದಳು.

“ಸಿಗದಿದ್ರೂ ಬೈತೀ, ಸಿಕ್ಕರೂ ಬೈತೀ,” ಎಂದ ಶಿವಪುತ್ರಪ್ಪ.

ಇಬ್ಬರೂ ಲೋಕಲ್ ರೈಲುಗಾಡಿ ಹಿಡಿದು ನೋಡಲು ಹೋದರು. ಮ್ಯಾನೇಜರ್ ಅವಧೂತ ಕೋಟು ತೊಟ್ಟ ನಗುಮೊಗದ ಮನುಷ್ಯ. ‘ಯಾ ಕಾಕು, ಯಾ’ ಎಂದು ಮರಾಠಿಯಲ್ಲಿ ಒಳಗೆ ಕರೆದು ಮೊದಲ ಮಹಡಿಯ ಕೋಣೆ ತೋರಿಸಿದ. ಚನ್ನಬಸವ್ವ ಗಾದಿ ಎತ್ತಿ ನೋಡಿದಳು, ದಿಂಬು ಮೂಸಿದಳು, ಕನ್ನಡಿಯ ಹಿಂದೆ ಕ್ಯಾಮೆರಾ ಇದ್ದೀತೆಂದು ಉಗುರಿನಿಂದ ಕೆರೆದಳು. ಎಲ್ಲ ಸ್ವಚ್ಛ. ಅವಧೂತ ಶಿವಪುತ್ರಪ್ಪನತ್ತ ನೋಡಿ ನಕ್ಕ. ಅವಳು ಮರಾಠಿಯಲ್ಲೇ ಹೇಳಿದಳು: “ಇದು ತೋರಿಸುವ ಕೋಣೆ. ಕೊಡುವ ಕೋಣೆ ತೋರಿಸು.”

ಕೊಡುವ ಕೋಣೆಗಳು ಐದನೆಯ ಮಹಡಿಯಲ್ಲಿದ್ದವು. ಲಿಫ್ಟು ನಡುವೆ ಒಮ್ಮೆ ನಡುಗಿ ನಿಂತು, ಮತ್ತೆ ಏರಿತು. ಮೇಲೆ ಜಮಖಾನೆಗೆ ತೊಯ್ದ ಗೋಣಿಯ ವಾಸನೆ. ಗೋಡೆಯ ಕಾಗದ ಉಬ್ಬಿತ್ತು. ಏಸಿಯ ಕೆಳಗೆ ಬಕೀಟು, ನಲ್ಲಿಯಲ್ಲಿ ಮೊದಲು ಚಹಾದ ಬಣ್ಣದ ನೀರು. ಚನ್ನಬಸವ್ವನಿಗೆ ಒಳಗೊಳಗೇ ಸಮಾಧಾನವಾಯಿತೆಂದೇ ಹೇಳಬೇಕು. ಇಷ್ಟೇ ಆದರೆ ನಡೆದೀತು. ಬೀಗರು ಮೂಗು ಮುಚ್ಚಿಕೊಂಡು ಒಂದು ರಾತ್ರಿ ಕಳೆಯುತ್ತಾರೆ, ಊರಿಗೆ ಹೋಗಿ ದೊಡ್ಡ ಹೋಟೆಲಿನ ಸುದ್ದಿ ಹೇಳುತ್ತಾರೆ.

“ಆ ಲಿಫ್ಟಿನಾಗ ಮತ್ತ ಕಾಲಿಡೂದಿಲ್ಲ. ಮೆಟ್ಟಲಾ ಎಲ್ಲಿ ಅವ?” ಎಂದು ಅವಳೇ ಹುಡುಕುತ್ತ ನಡೆದಳು. ಪಡಸಾಲೆಯ ಕೊನೆಗೊಂದು ಬಾಗಿಲು, ಮೇಲೆ ಓಡುವ ಮನುಷ್ಯನ ಹಸಿರು ಚಿತ್ರ. ಹಿಡಿಕೆಗೆ ಸರಪಳಿ ಸುತ್ತಿ ತೆಂಗಿನಕಾಯಿಯಷ್ಟು ದೊಡ್ಡ ಬೀಗ ಜಡಿದಿದ್ದರು.

“ನೋಡಿದ್ರ್ಯಾ? ಇದರ ಹಿಂದ ಏನೋ ಮುಚ್ಚಿಟ್ಟಾರ,” ಎಂದಳು ಗಂಡನಿಗೆ.

ಈ ಸಲವೂ ಅವಳ ಸಂಶಯ ಸುಳ್ಳೇ ಆಗಿತ್ತು. ಅದರ ಹಿಂದೆ ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮೆಟ್ಟಿಲನ್ನೇ ಮುಚ್ಚಿದ್ದರು. ಕಾರಖಾನೆಯ ಸ್ಟೋರಿನಲ್ಲಿ ತಲೆ ನರೆಸಿದ ಶಿವಪುತ್ರಪ್ಪ ದನಿ ತಗ್ಗಿಸಿ ಹೇಳಿದ: “ಬೆಂಕಿ ಬಿದ್ರ ಇಳಿಯೂ ದಾರಿ ಇದು.”

ಚನ್ನಬಸವ್ವನ ಕಣ್ಣಮುಂದೆ ಬಂದವಳು ರೋಹಿತನ ಅಜ್ಜಿ ಸಾಬವ್ವ. ಒಂದು ಕಾಲು ಎಳೆದು ಹಾಕುವ, ಯಾರದಾದರೂ ಕೈ ಹಿಡಿಯದೆ ಬಚ್ಚಲಿಗೂ ಹೋಗಲಾರದ ಮುದುಕಿ.

“ಕರೆಯದವರು ಈ ಮೆಟ್ಟಿಲು ಹತ್ತಿ ಮದುವೆಗೆ ಬರುತ್ತಾರೆ ಕಾಕು, ಟವೆಲು ಕದಿಯುತ್ತಾರೆ. ನಿಮ್ಮ ಭದ್ರತೆಗೇ ಹಾಕಿದ್ದು,” ಎಂದ ಅವಧೂತ.

“ತೆಗೆದು ತೋರಿಸು.”

ಕೀಲಿಕೈ ಕಾವಲಿನವನ ಹತ್ತಿರ ಇರಲಿಲ್ಲ, ಇಂಜಿನಿಯರನ ಹತ್ತಿರ ಇತ್ತು. ಇಂಜಿನಿಯರ ರಜೆಯ ಮೇಲೆ ಸಾತಾರಕ್ಕೆ ಹೋಗಿದ್ದ.

“ಹಾಗಾದರೆ ಬೆಂಕಿ ಬಿದ್ದಾಗ ಸಾತಾರಕ್ಕೆ ಫೋನು ಮಾಡಿ ಕರೆಸುತ್ತೀಯಾ?”

“ಅಹೋ ಕಾಕು, ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿದ್ದಿಲ್ಲ,” ಎಂದ ಅವಧೂತ. ಬೀಗರಿಗೆ ಗುಲಾಬಿಯ ಸ್ವಾಗತ ಪುಕ್ಕಟೆ ಮಾಡಿಸುತ್ತೇನೆಂದೂ ಸೇರಿಸಿದ.

ಮರಳುವಾಗ ಗಾಡಿಯಲ್ಲಿ ಶಿವಪುತ್ರಪ್ಪ ಬೇಡಿಕೊಂಡ. “ಒಂದ ರಾತ್ರಿ ಮಾತು. ಬೀಗರು ಬಾಯಿಬಿಟ್ಟು ಕೇಳಿದ್ದು ಇದೊಂದs. ಇಲ್ಲ ಅಂದ್ರ ಮದಿವಿ ನಿಂತೀತು.” ಅದು ಬರಿಯ ಹೆದರಿಕೆಯಲ್ಲ, ಅವಳಿಗೂ ಗೊತ್ತಿತ್ತು. ಬಾಗಿಲಿನ ಬೀಗವನ್ನು ಕೀಲಿಕೈಯಿಂದ ತೆಗೆಯಬಹುದು. ಮುನಿದ ಬೀಗರನ್ನು ಯಾವ ಕೀಲಿಕೈಯೂ ತೆಗೆಯಲಾರದು. ಮನೆಯಲ್ಲಿ ರಂಜನಾ ಅಂತೂ ಅತ್ತೇಬಿಟ್ಟಳು: “ಅವ್ವಾ, ಊರ ಮಂದಿ ಮ್ಯಾಲೆ ಸಂಶಯ ಪಟ್ಟಿ, ಆತು. ನನ್ನ ಸಂಸಾರಕ್ಕರೆ ಕೈ ಹಚ್ಚಬ್ಯಾಡ.”

ಚನ್ನಬಸವ್ವ ಧಾರವಾಡಕ್ಕೆ ಫೋನು ಹಚ್ಚಿದಳು.

“ಬೀಗರ, ಆ ಹೋಟೆಲ್ ಬ್ಯಾಡ್ರಿ. ಇಳಿಯೂ ಮೆಟ್ಟಲಿಗೆ ಕೀಲಿ ಹಾಕ್ಯಾರ.”

“ಲಿಫ್ಟ್ ಅದಲ್ರಿ?” ಎಂದರು ಶಿವಪ್ಪ.

“ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದ್ರಿ.”

“ಮದಿವಿ ಹೊತ್ತಿನಾಗ ಎಂಥಾ ಮಾತು ಬೀಗತಿ ಇದು? ಖರ್ಚಿಗೆ ಹಿಂದ ಸರಿಯೂದಿದ್ರ ನೆಟ್ಟಗ ಹೇಳ್ರಿ.”

ಮಾತು ನಾಟಿತು. ಆದರೂ ಅವಳೆಂದಳು: “ಹಂಗs ತಿಳಕೋರಿ. ಜಿಪುಣಿ ಅನ್ರಿ, ಭಾಳ ಸಂಶಯದಾಕಿ ಅನ್ರಿ. ಸಾಬವ್ವಜ್ಜಿನ್ನ ಕೀಲಿ ಹಾಕಿದ ಮನ್ಯಾಗ ಮಲಗಸೂದು ಮಾತ್ರ ನನ್ನ ಕೈಲೆ ಆಗೂದಿಲ್ಲ.”

ಬಿಡಾರ ಚಿಂಚವಾಡದ ಒಂದು ಸಾದಾ ಮಂಗಲ ಕಾರ್ಯಾಲಯದಲ್ಲಾಯಿತು. ಒಂದೇ ಮಹಡಿ, ಅಗಲವಾದ ತೆರೆದ ಮೆಟ್ಟಿಲು. ಬೀಗರು ಬಂದರು, ನಗುಮುಖ ಮಾತ್ರ ಧಾರವಾಡದಲ್ಲೇ ಬಿಟ್ಟು ಬಂದರು. ರೋಹಿತನ ತಾಯಿ ಪಾರವ್ವ ನಡುಮಂಟಪದಲ್ಲಿ ನಿಂತು ಕೇಳಿದಳು: “ಫೈವ್ ಸ್ಟಾರ್ ಇದs ಏನ್ರಿ? ಸ್ಟಾರ್ ನೋಡಬೇಕಂದ್ರ ಮ್ಯಾಲೆ ಗಚ್ಚಿಗೆ ಹೋಗಬೇಕೇನ್ರಿ?” ಎಲ್ಲರೂ ನಕ್ಕರು. ಚನ್ನಬಸವ್ವ ಸಾಬವ್ವನ ಕೈ ಹಿಡಿದು ಊಟಕ್ಕೆ ಕರೆದೊಯ್ದಳು. ತಾಳಿ ಕಟ್ಟಿದ್ದಾಯಿತು. ಬೀಗರ ಬಸ್ಸು ಕಾತ್ರಜ ಘಾಟು ದಾಟಿ ಊರಿಗೆ ಹೋಯಿತು. ಹಬ್ಬಕ್ಕೆ ಕರೆದರೆ ಶಿವಪ್ಪನವರು ಇಂದಿಗೂ ‘ಎಲ್ಲಿ ಇಳಸ್ತೀರಿ?’ ಎಂದು ಕೇಳಿಯೇ ಫೋನು ಇಡುತ್ತಾರೆ.

ಈ ಕಥೆ ಕೇಳಿದವರೆಲ್ಲ ಒಂದೇ ಪ್ರಶ್ನೆ ಹಾಕುತ್ತಾರೆ: ಮುಂದೆ ಆ ಹೋಟೆಲಿಗೆ ಬೆಂಕಿ ಬಿತ್ತೇ? ಬೀಳಲಿಲ್ಲ. ಲಾಬಿಗೆ ಮತ್ತೊಮ್ಮೆ ಬಣ್ಣವಾಯಿತು, ವ್ಯಾಪಾರ ನಡೆದಿದೆ. ಬೀಳಲಿಲ್ಲವೆಂದ ಕೂಡಲೇ ಅವರ ಮುಖದ ಮೇಲೆ ಸಣ್ಣ ನಗೆಯೊಂದು ಸುಳಿಯುತ್ತದೆ. ಹತ್ತು ಹೆಣ ಬಿದ್ದಿದ್ದರೆ ಇವಳು ಜಾಣೆ. ಯಾರೂ ಸಾಯಲಿಲ್ಲ, ಆದ್ದರಿಂದ ಹುಚ್ಚಿ. ಈ ಲೆಕ್ಕವನ್ನೇ ನಂಬಿ ಅವಧೂತನಂಥವರು ಸರಪಳಿ ಸುತ್ತುತ್ತಾರೆ.

ನಗುವುದನ್ನು ನಿಲ್ಲಿಸಿ. ಮುಂದಿನ ಸಲ ನಿಮ್ಮವರಿಗಾಗಿ ಹಳೆಯ ದೊಡ್ಡ ಹೋಟೆಲು ಹಿಡಿಯುವಾಗ ಮುಂಗಡ ಕೊಡುವ ಮೊದಲು ಅವರು ಮಲಗುವ ಮಹಡಿಗೆ ಹೋಗಿ, ಮೆಟ್ಟಿಲಿನ ಬಾಗಿಲನ್ನು ನಿಮ್ಮ ಕೈಯಿಂದಲೇ ತಳ್ಳಿ. ತೆರೆಯದಿದ್ದರೆ ಕೆಳಗಿಳಿದು ಬಂದು, ಲಾಬಿಯಲ್ಲಿ ಕೂತ ಅಷ್ಟೂ ಜನಕ್ಕೆ ಕೇಳುವಂತೆ ಅದನ್ನು ಹೇಳಿ.